ಜೊತೆಯಲಿ ಯಾರ ಹಾಡು?

ನಮ್ಮ ಆಫೀಸಿನಲ್ಲಿ ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡ್ತೀವಿ. ಕೆಫೆಟೇರಿಯಾದ ಒಂದು ಮೂಲೆಗೆ ಹಳದಿ-ಕೆಂಪು ಬಟ್ಟೆ, ಬಿಸಿಬೇಳೆಬಾತ್, ಮೈಸೂರ್ ಪಾಕ್, ಆಮೇಲೆ ನಮ್ಮಂಥವರ ಹಾಡು. ಎರಡು ವರ್ಷದ ಹಿಂದೆ ನಾನೂ ನಮ್ಮ ಟೆಸ್ಟಿಂಗ್ ಟೀಮಿನ ಹುಡುಗಿಯೊಬ್ಬಳೂ ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’ ಹಾಡಿದೆವು. ಎಸ್‌ಪಿಬಿಯವರ ಜಾಗದಲ್ಲಿ ನಾನು ನಿಂತಿದ್ದೆ ಅಂದಮೇಲೆ ಹಾಡು ಹೇಗಿತ್ತು ಅಂತ ಹೇಳೋ ಅಗತ್ಯ ಇಲ್ಲ. ಆದರೂ ಚಪ್ಪಾಳೆ ಬಿತ್ತು.

ಕೆಳಗೆ ಇಳಿದು ಬಂದಾಗ ಉತ್ತರದ ಕಡೆಯ ಸಹೋದ್ಯೋಗಿಯೊಬ್ಬ ಬೆನ್ನು ತಟ್ಟಿ, “ಚೀನಿ ಕಮ್ ಹಾಡನ್ನ ಕನ್ನಡದಲ್ಲೂ ಮಾಡಿದಾರಾ? ಚೆನ್ನಾಗಿದೆ” ಅಂದ. ಪಾಪ, ಒಳ್ಳೆ ಮನಸ್ಸಿನಿಂದಲೇ ಅಂದಿದ್ದ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಚೆನ್ನೈನವನು, “ಅಲ್ಲ ಅಲ್ಲ, ಒರಿಜಿನಲ್ ತಮಿಳು. ವಿಳಿಯಿಲೇ ಮಣಿ ವಿಳಿಯಿಲ್” ಅಂದುಬಿಟ್ಟ. ಕನ್ನಡ ರಾಜ್ಯೋತ್ಸವದ ದಿನ, ನಮ್ಮ ಬಿಸಿಬೇಳೆಬಾತ್ ತಿನ್ನುತ್ತಾ, ಇಬ್ಬರೂ ಸೇರಿ ನಮ್ಮ ಹಾಡನ್ನ ಎರಡು ಕಡೆ ಹಂಚಿಕೊಂಡುಬಿಟ್ಟರು!

ಡೆಸ್ಕಿಗೆ ವಾಪಸ್ ಬಂದವನೇ ಇಡೀ ಫ್ಲೋರಿಗೆ ಒಂದು ಮೇಲ್ ಬರೆದೆ. ನಮ್ಮ ಕಸುಬಿನಲ್ಲಿ ಯಾರ ಕೋಡ್ ಮೊದಲು ಅನ್ನೋ ಜಗಳ ಬಂದರೆ ಕಮಿಟ್ ಆದ ತಾರೀಖು ನೋಡ್ತೀವಲ್ಲ, ಹಾಗೆ. ‘ಗೀತಾ’, ಕನ್ನಡ, 1981. ‘ನೂರಾವದು ನಾಳ್’, ತಮಿಳು, 1984. ‘ಚೀನಿ ಕಮ್’, ಹಿಂದಿ, 2007. ಮೂರಕ್ಕೂ ಸಂಗೀತ ಇಳಯರಾಜ. ಕೆಳಗೆ ನಮ್ಮ ಹಾಡಿನ ವಿವರ: ನಿರ್ದೇಶನ, ನಾಯಕ ಶಂಕರ್ ನಾಗ್, ಗಾಯನ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ. ಒಂದೂ ತಪ್ಪಿರಲಿಲ್ಲ. ಇಬ್ಬರೂ ಸೋಲೊಪ್ಪಿಕೊಂಡು ನಗುಮುಖದ ಚಿತ್ರ ಕಳಿಸಿದರು. ಅವತ್ತು ಸಂಜೆ ಕನ್ನಡ ಕಾಪಾಡಿದ ಠೀವಿಯಲ್ಲಿ ಮನೆಗೆ ಹೋದೆ.

ರಾತ್ರಿ ಊರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಕಥೆಯೆಲ್ಲ ಹೇಳಿದೆ. ನಮ್ಮ ಚಿಕ್ಕಪ್ಪ ದಾವಣಗೆರೆ-ಚಿತ್ರದುರ್ಗದ ಮಧ್ಯೆ ಹದಿನೈದು ವರ್ಷ ಮ್ಯಾಕ್ಸಿಕ್ಯಾಬ್ ಓಡಿಸಿದವನು. ನನಗೆ ಈ ಹಾಡು ಕೊಟ್ಟವನೂ ಅವನೇ. ಎಲ್ಲ ಕೇಳಿಸಿಕೊಂಡು, “ಮೇಲ್‌ನಾಗ ಬರದವ್ರ ಹೆಸರು ಹಾಕೀಯೇನಪ್ಪಾ?” ಅಂದ.

“ನಾನೇ ಬರೆದಿದ್ದು ಚಿಕ್ಕಪ್ಪ.”

“ಮೇಲ್ ಅಲ್ಲಲೇ, ಹಾಡು. ಚಿ. ಉದಯಶಂಕರ್.”

ಹಾಕಿರಲಿಲ್ಲ. ನೆನಪೇ ಆಗಿರಲಿಲ್ಲ. ಕನ್ನಡದ ಹಾಡು ಅಂತ ಜಗಳ ಆಡಿ ಗೆದ್ದವನು, ಆ ಹಾಡಿಗೆ ಕನ್ನಡವನ್ನ ಹಾಕಿದ ಮನುಷ್ಯನ ಹೆಸರನ್ನೇ ಬಿಟ್ಟಿದ್ದೆ. ಈ ಬರಹ ಆ ತಪ್ಪಿನಿಂದ ಹುಟ್ಟಿದ್ದು.

* * *

ಮೊದಲು ಒಂದು ಲೆಕ್ಕ ಹಾಕೋಣ. ಈ ಹಾಡು ಮಾಡಿದವರು ಯಾರು ಯಾರು?

ರಾಗ ಹಾಕಿದ ಇಳಯರಾಜ ತಮಿಳಿನವರು. 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಶುರು ಮಾಡಿ, ‘ಗೀತಾ’ ಬರುವ ಹೊತ್ತಿಗೆ ಇನ್ನೂ ಐದೇ ವರ್ಷ. ಹಾಡಿದ ಎಸ್‌ಪಿಬಿ, ಜಾನಕಿ ಇಬ್ಬರ ಮನೆಮಾತೂ ತೆಲುಗು. ಎಸ್‌ಪಿಬಿ 1967ರಿಂದಲೇ ಕನ್ನಡದಲ್ಲಿ ಹಾಡ್ತಿದ್ದರು, ಹಾಗಾಗಿ ಅವರನ್ನ ಹೊರಗಿನವರು ಅನ್ನೋಕೆ ಯಾರ ಬಾಯಿಯೂ ಬರೋದಿಲ್ಲ, ಆ ಮಾತು ಬೇರೆ. ಶಂಕರ್ ನಾಗ್ ಹೊನ್ನಾವರದ ಕಡೆಯವರು, ಮನೆಯಲ್ಲಿ ಕೊಂಕಣಿ, ರಂಗಭೂಮಿ ಕಲಿತದ್ದು ಮುಂಬೈನಲ್ಲಿ ಮರಾಠಿಯವರ ಜೊತೆ. ಉಳಿದವರು ಚಿ. ಉದಯಶಂಕರ್. ಅವರ ತಂದೆ ಚಿ. ಸದಾಶಿವಯ್ಯನವರೂ ಸಿನಿಮಾಕ್ಕೆ ಹಾಡು ಬರೆದವರು. ರಾಜಕುಮಾರ್ ಚಿತ್ರಗಳ ಮಾತುಗಳು, ಹಾಡುಗಳು ಎಷ್ಟೋ ಇವರ ಪೆನ್ನಿನಿಂದ ಬಂದವು. ಅಂದರೆ ನಾವು ಎದೆ ತಟ್ಟಿಕೊಂಡು ಕನ್ನಡದ ಹಾಡು ಅನ್ನೋದರಲ್ಲಿ ಕನ್ನಡ ಬಂದದ್ದು ಮುಖ್ಯವಾಗಿ ಒಬ್ಬರ ಕೈಯಿಂದ. ಆ ಒಬ್ಬರನ್ನೇ ನಾನು ಮೇಲ್‌ನಲ್ಲಿ ಬಿಟ್ಟಿದ್ದು.

ರಾಗವನ್ನೇ ಹಿಡಿದು ‘ನಮ್ದು’ ಅಂದರೆ ಅದು ನಿಲ್ಲೋ ವಾದ ಅಲ್ಲ. ರಾಗ ಇಳಯರಾಜರದು. ಅವರು ಅದನ್ನ ಮೂರು ಮನೆಗೆ ಕೊಟ್ಟರು, ಮೊದಲು ನಮ್ಮ ಮನೆಗೆ ಬಂತು, ಅಷ್ಟೆ. ಮೊದಲು ಬಂದದ್ದು ಹೆಮ್ಮೆ ಪಡುವ ವಿಷಯವೇ, ಇಲ್ಲ ಅನ್ನಲ್ಲ. ಆದರೆ ತಾರೀಖು ತೋರಿಸಿ ಗೆಲ್ಲೋದಕ್ಕೂ ಹಾಡು ನಮ್ಮದಾಗೋದಕ್ಕೂ ಸಂಬಂಧ ಇಲ್ಲ. ಹಾಡು ನಮ್ಮದಾಗಿರೋದು ಬೇರೆ ಕಡೆ. ಎಲ್ಲಿ ಅಂತ ನೋಡೋಕೆ ನಾನು ಹೈಸ್ಕೂಲಿಗೆ ವಾಪಸ್ ಹೋಗಬೇಕಾಯ್ತು.

ನಮ್ಮ ಕನ್ನಡ ಮೇಷ್ಟ್ರು ಪ್ರತಿ ಶನಿವಾರ ಪದ್ಯ ಬರೆಸಿ ಪ್ರಸ್ತಾರ ಹಾಕಿಸ್ತಿದ್ದರು. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ. ದೀರ್ಘ ಬಂದರೆ ಗುರು, ಒತ್ತಕ್ಷರದ ಹಿಂದಿನದು ಗುರು. ಎಸ್ಸೆಸ್ಸೆಲ್ಸಿ ಅಂಕಕ್ಕಾಗಿ ಕಲಿತದ್ದು, ಬಿಇ ಸೇರಿದ ದಿನವೇ ಮರೆತದ್ದು. ಚಿಕ್ಕಪ್ಪನ ಫೋನ್ ಆದಮೇಲೆ ಸುಮ್ಮನೆ ಒಂದು ಹಾಳೆ ತಗೊಂಡು ಈ ಹಾಡಿನ ಹೆಸರಿಗೆ ಪ್ರಸ್ತಾರ ಹಾಕಿದೆ. ನೀವೂ ಹಾಕಿ ನೋಡಿ. ಜೊ-ತೆ-ಯ-ಲಿ, ನಾಲ್ಕೂ ಲಘು. ಜೊ-ತೆ-ಜೊ-ತೆ-ಯ-ಲಿ, ಆರೂ ಲಘು. ಹತ್ತಕ್ಕೆ ಹತ್ತೂ ಲಘು! ಒಂದೇ ಒಂದು ಕಡೆ ನಾಲಿಗೆಗೆ ಭಾರ ಇಲ್ಲ.

ನಾವು ಮಾತಾಡೋವಾಗ ‘ಜೊತೆಯಲ್ಲಿ’ ಅಂತೀವಿ. ಅಲ್ಲಿ ಒತ್ತು ಇದೆ, ‘ಯ’ ಗುರು ಆಗುತ್ತೆ, ಓಟಕ್ಕೆ ಒಂದು ಹಂಪ್ ಬಂದ ಹಾಗೆ. ಉದಯಶಂಕರ್ ಆ ಒತ್ತನ್ನ ತೆಗೆದುಬಿಟ್ಟರು. ಇದೇನೂ ಅವರು ಕಂಡುಹಿಡಿದ ಉಪಾಯ ಅಲ್ಲ, ನಮ್ಮ ಪದ್ಯಗಳಲ್ಲಿ ಮೊದಲಿಂದಲೂ ಇದೆ. ಆದರೆ ಅದನ್ನ ಎಲ್ಲಿ ಹಾಕಬೇಕು ಅನ್ನೋದು ಗೊತ್ತಿರಬೇಕಲ್ಲ. ಇದೇ ಹಾಡಿನ ಪಲ್ಲವಿಯಲ್ಲಿ ಹರ್ಷ ಅನ್ನೋ ಮಾತು ‘ಹರುಷ’ ಆಗಿ ಬರುತ್ತೆ. ಅಲ್ಲೂ ಅದೇ ಕೆಲಸ: ಒತ್ತು ಬಿಡಿಸಿ ಮೂರು ಲಘು ಮಾಡಿದ್ದಾರೆ. ರಾಗ ಓಡುತ್ತಾ ಇದೆ, ಮಾತು ಅದರ ಪಕ್ಕದಲ್ಲೇ ಏದುಸಿರಿಲ್ಲದೆ ಓಡಬೇಕು. ರಾಗ, ಮಾತು ಎರಡೂ ಜೊತೆಯಾಗಿ ಹೋಗೋದನ್ನ ಮೊದಲ ಹತ್ತು ಅಕ್ಷರದಲ್ಲೇ ಮಾಡಿ ತೋರಿಸಿದರು.

ಇದು ಅವರಿಗೆ ರೂಢಿಯಿಂದ ತಾನಾಗೇ ಬಂದಿರಬಹುದು ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ಆಗ ಅದೇ ‘ಗೀತಾ’ದ ಇನ್ನೊಂದು ಹಾಡು ನೆನಪಾಯ್ತು, ‘ಸಂತೋಷಕ್ಕೆ’. ಇವತ್ತಿಗೂ ಕಾಲೇಜು ಡೇಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಅದಿಲ್ಲದೆ ಆಗಲ್ಲ. ಅದಕ್ಕೂ ಪ್ರಸ್ತಾರ ಹಾಕಿ. ಸಂ ಗುರು, ತೋ ಗುರು, ಷ ಗುರು. ಸಾಲಾಗಿ ಮೂರು ಗುರು, ಕೊನೆಗೆ ‘ಕ್ಕೆ’ ಅಂತ ಒಂದು ಒದೆತ. ಕುಣಿಯೋ ಹಾಡು, ನೆಲಕ್ಕೆ ಕಾಲು ಅಪ್ಪಳಿಸಬೇಕು, ಅಲ್ಲಿ ಭಾರದ ಅಕ್ಷರ ಬೇಕು. ಒಂದೇ ಸಿನಿಮಾ, ಒಬ್ಬರೇ ಸಂಗೀತ ನಿರ್ದೇಶಕ, ಒಬ್ಬರೇ ಕವಿ. ಒಂದು ಕಡೆ ಒತ್ತನ್ನೆಲ್ಲ ಕಿತ್ತು ಹಾಕಿದ ಮನುಷ್ಯ ಇನ್ನೊಂದು ಕಡೆ ಹುಡುಕಿ ಹುಡುಕಿ ಒತ್ತು ತಂದಿದ್ದಾರೆ. ಇದು ಆಕಸ್ಮಿಕ ಅಂತ ನಾನಂತೂ ಒಪ್ಪೋದಿಲ್ಲ.

ಹಾಗಂತ ಇಡೀ ಹಾಡು ಮಹಾಕಾವ್ಯ ಅಂತ ನಾನು ಹೇಳ್ತಿಲ್ಲ. ಚರಣಗಳಲ್ಲಿ ಬರೋದು ಆ ಕಾಲದ ಯಾವ ಯುಗಳಗೀತೆಯಲ್ಲಾದರೂ ಸಿಗೋ ಮಾತುಗಳೇ: ಪ್ರೀತಿ, ಕನಸು, ಮನಸ್ಸು ಕುಣಿಯೋದು. ಹಾಳೆಯ ಮೇಲೆ ಓದಿದರೆ ನಿಮಗೆ ಅಂಥ ವಿಶೇಷ ಏನೂ ಕಾಣಲ್ಲ. ನಾನು ಓದಿಯೇ ಹೇಳ್ತಿದೀನಿ. ಸಿನಿಮಾ ಹಾಡನ್ನ ಕವಿತೆ ಥರ ಓದೋದೇ ತಪ್ಪು. ಅದು ಬಾಯಿಗೆ ಬರೆದದ್ದು. ಒಂದು ಹಾಡು ಬಸ್ಸಿನ ಕ್ಲೀನರ್ ಹುಡುಗನ ಬಾಯಲ್ಲೂ ಬಟ್ಟೆ ಒಗೆಯೋ ಅಕ್ಕನ ಬಾಯಲ್ಲೂ ತಪ್ಪಿಲ್ಲದೆ ನಲವತ್ತು ವರ್ಷ ಉಳಿಯೋದು ಅರ್ಥದ ದೊಡ್ಡಸ್ತಿಕೆಯಿಂದಲ್ಲ, ಅಕ್ಷರಗಳು ನಾಲಿಗೆಗೆ ಒಗ್ಗಿದ್ದರಿಂದ.

* * *

ಈಗ ಉಳಿದ ಎರಡು ಮನೆಗಳಿಗೆ ಹೋಗೋಣ. ಜಗಳ ಆಡೋಕಲ್ಲ, ಕೇಳೋಕೆ.

ತಮಿಳಿನದು ಮಣಿವಣ್ಣನ್ ನಿರ್ದೇಶನದ ‘ನೂರಾವದು ನಾಳ್’. ಕೊಲೆಗಳ ಥ್ರಿಲ್ಲರ್ ಚಿತ್ರ. ಹಾಡಿದವರು ಮತ್ತೆ ಎಸ್‌ಪಿಬಿ ಮತ್ತು ಜಾನಕಿಯೇ. ಆ ಚಿತ್ರದ ಮುಖ್ಯ ನಟರಲ್ಲೊಬ್ಬರಾದ ಮೋಹನ್ ನಮ್ಮ ಕಡೆಯಿಂದಲೇ ಹೋದವರು. ಬಾಲು ಮಹೇಂದ್ರ 1977ರಲ್ಲಿ ಮಾಡಿದ ಕನ್ನಡ ‘ಕೋಕಿಲ’ದಿಂದ ಸಿನಿಮಾಕ್ಕೆ ಬಂದವರು. ಅಂದರೆ ನಮ್ಮ ಹಾಡಿಗೆ ತಮಿಳು ಸಂಗೀತ ನಿರ್ದೇಶಕ, ಅವರ ಚಿತ್ರಕ್ಕೆ ಕನ್ನಡದ ನಟ. ಯಾರದು ಯಾರಿಗೆ ಅಂತ ಗೆರೆ ಎಳೆಯೋಕೆ ಹೊರಟರೆ ಗೆರೆ ಎಲ್ಲೂ ನಿಲ್ಲಲ್ಲ. ತಮಿಳು ಹಾಡಿನ ಹೆಸರಿನ ಅರ್ಥ ‘ಕಣ್ಣಿನಲ್ಲಿ, ಮಣಿಯಂಥ ಕಣ್ಣಿನಲ್ಲಿ’ ಅಂತ. ಅಲ್ಲೂ ಬರೆದವರು ಲಘುಗಳ ಓಟವನ್ನ ಬಿಟ್ಟಿಲ್ಲ, ‘ಲೇ’ ಅಂತ ಒಂದು ಕಡೆ, ಕೊನೆಯ ‘ಯಿಲ್’ನಲ್ಲಿ ಒಂದು ಕಡೆ ಮಾತ್ರ ಗುರು. ಚೆನ್ನಾಗಿದೆ, ಸುಂದರವಾಗಿದೆ. ಆದರೆ ಅದು ಒಬ್ಬರು ಇನ್ನೊಬ್ಬರನ್ನ ನೋಡಿ ಹೊಗಳೋ ಹಾಡು. ನಮ್ಮದು ಇಬ್ಬರೂ ಒಂದೇ ಕಡೆ ಮುಖ ಮಾಡಿಕೊಂಡು ಹೋಗೋ ಹಾಡು.

ಹಿಂದಿಯದು ನಿಜಕ್ಕೂ ಬೇರೆಯದೇ. ಆರ್. ಬಾಲ್ಕಿಯವರ ‘ಚೀನಿ ಕಮ್’ನಲ್ಲಿ ಅರವತ್ತನಾಲ್ಕರ ಅಡುಗೆ ಭಟ್ಟ ಅಮಿತಾಭ್ ಬಚ್ಚನ್, ಮೂವತ್ತನಾಲ್ಕರ ಟಬು. ಶ್ರೇಯಾ ಘೋಷಾಲ್ ಹಾಡಿದ ‘ಜಾನೇ ದೋ ನಾ’. ಓಟ ನಿಧಾನ ಆಗಿದೆ, ಬಿಸಿಲು ಇಳಿದ ಹೊತ್ತಿನಂಥ ಹಾಡು. ಹೆಸರಿಗೆ ಪ್ರಸ್ತಾರ ಹಾಕಿದರೆ ಜಾ-ನೇ-ದೋ-ನಾ, ನಾಲ್ಕೂ ಗುರು! ನಮ್ಮದರ ಪೂರಾ ಉಲ್ಟಾ. ಅರ್ಥವೂ ಉಲ್ಟಾ: ನಮ್ಮದು ‘ಜೊತೆಯಲ್ಲಿ ಇರ್ತೀನಿ’ ಅಂದರೆ ಅದು ‘ಹೋಗೋಕೆ ಬಿಡು’ ಅನ್ನುತ್ತೆ. ಮೊದಲು ಇದು ನಮ್ಮ ಹಾಡಿನ ಮೇಲೆ ಮಾಡಿದ ಅನ್ಯಾಯ ಅನಿಸಿತ್ತು. ಈಗ ಅನಿಸಲ್ಲ. ಇಪ್ಪತ್ತರ ಹುಡುಗ ಹುಡುಗಿ ಓಡ್ತಾರೆ, ಅರವತ್ತರವನಿಗೆ ಓಡೋ ಆತುರ ಇಲ್ಲ. ಒಂದೇ ರಾಗ ಇಪ್ಪತ್ತಾರು ವರ್ಷ ದೊಡ್ಡದಾಗಿ ಬಂದಿದೆ ಅಂತ ಕೇಳಿದರೆ ಅದಕ್ಕೂ ಮರ್ಯಾದೆ ಇದೆ. ನನ್ನ ತಕರಾರು ಒಂದೇ. ಹಿಂದಿಯಲ್ಲಿ ಹಾಡಿನ ಸೊಗಸೆಲ್ಲ ದನಿಯಲ್ಲಿ, ವಾದ್ಯದಲ್ಲಿ ಇದೆ. ಮಾತು ತೆಗೆದು ಗುನುಗಿದರೂ ಅಷ್ಟೇ ಚೆನ್ನಾಗಿರುತ್ತೆ. ನಮ್ಮದರಲ್ಲಿ ಮಾತು ತೆಗೆಯೋಕೆ ಆಗಲ್ಲ. ನಾಲ್ಕು ಜನರನ್ನ ಕೂರಿಸಿ ಗುನುಗಿ ಅಂದರೆ ಮೂರನೇ ಸೆಕೆಂಡಿಗೆ ಬಾಯಿ ತಾನಾಗೇ ‘ಜೊತೆಯಲಿ’ ಅನ್ನುತ್ತೆ.

* * *

ಹಾಡು ಯಾರದು ಅನ್ನೋ ಪ್ರಶ್ನೆ ನಮ್ಮ ಕೆಫೆಟೇರಿಯಾದಲ್ಲಿ ಮಾತ್ರ ಬಂದಿದ್ದಲ್ಲ. 2017ರಲ್ಲಿ ಎಸ್‌ಪಿಬಿ ತಮ್ಮ ಐವತ್ತು ವರ್ಷದ ಹಾಡಿಕೆಯ ಸಂಭ್ರಮಕ್ಕೆ ದೇಶ ಸುತ್ತುತ್ತಾ ಅಮೆರಿಕದಲ್ಲಿದ್ದಾಗ, ಅನುಮತಿ ಇಲ್ಲದೆ ತಮ್ಮ ಹಾಡು ಹಾಡಬಾರದು ಅಂತ ಇಳಯರಾಜ ಅವರಿಗೆ ಲೀಗಲ್ ನೋಟಿಸ್ ಕಳಿಸಿದರು. ಎಷ್ಟೋ ಹಾಡನ್ನ ಒಟ್ಟಿಗೆ ಮಾಡಿದ ಗೆಳೆಯರ ಮಧ್ಯೆ ವಕೀಲರು ಬಂದರು. ಆಮೇಲೆ 2019ರಲ್ಲಿ ಇಬ್ಬರೂ ಒಂದಾಗಿ ಒಂದೇ ವೇದಿಕೆ ಹತ್ತಿದರು, ಆ ಸಮಾಧಾನ ಇದೆ. ಆದರೆ ಆ ಗಲಾಟೆಯ ದಿನಗಳಲ್ಲಿ ನಾವೆಲ್ಲ ಎರಡು ಪಕ್ಷ ಆಗಿ ಕಚ್ಚಾಡಿದೆವು: ಹಾಡು ರಾಗ ಹಾಕಿದವರದಾ, ಹಾಡಿದವರದಾ? ಮೂರನೆಯವರು ಒಬ್ಬರಿದ್ದಾರೆ, ಬರೆದವರು, ಅನ್ನೋ ಮಾತು ನನ್ನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಲವೂ ಬರಲಿಲ್ಲ. ನಾನೂ ಎತ್ತಲಿಲ್ಲ.

ಕಾನೂನು ನಮಗಿಂತ ವಾಸಿ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ, ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಇದೆ, ಆ ಹಕ್ಕನ್ನ ನಿರ್ಮಾಪಕರಿಗೆ ಬರೆದುಕೊಡೋಕೂ ಆಗಲ್ಲ ಅಂತ ಮಾಡಿದರು. ಬರೆದವರನ್ನ ಸಂಗೀತದವರ ಸಮಕ್ಕೆ ಕೂರಿಸಿದ ಕಾಯ್ದೆ ಅದು. ಉದಯಶಂಕರ್ ತೀರಿಕೊಂಡದ್ದು 1993ರಲ್ಲಿ. ಹತ್ತೊಂಬತ್ತು ವರ್ಷ ತಡ. ನನ್ನ ಫೋನಿನ ಆ್ಯಪ್‌ನಲ್ಲಿ ಇವತ್ತಿಗೂ ಹಾಡು ಹಾಕಿದರೆ ಮೊದಲು ಕಾಣೋದು ಸಿನಿಮಾದ ಹೆಸರು, ಗಾಯಕರ ಹೆಸರು. ಬರೆದವರು ಬೇಕಂದರೆ ಒಳಗೆ ಹೋಗಿ ಹುಡುಕಬೇಕು. ಚಿಕ್ಕಪ್ಪನಿಗೆ ಆ ಹೆಸರು ಗೊತ್ತಿದ್ದದ್ದು ಅವನು ಪಂಡಿತ ಅಂತಲ್ಲ. ಕ್ಯಾಸೆಟ್ಟಿನ ಒಳಗಿನ ಕಾಗದದ ಮೇಲೆ ಅಚ್ಚಾಗಿತ್ತು, ಸ್ಟ್ಯಾಂಡಿನಲ್ಲಿ ಜನ ತುಂಬೋವರೆಗೆ ಓದೋಕೆ ಬೇರೆ ಏನೂ ಇರ್ತಿರಲಿಲ್ಲ.

ಈ ಹಾಡಿನ ಆಸ್ತಿ ಏನು ಉಳಿದಿದೆ ಅಂತ ನೋಡಿದರೆ ಹೆಚ್ಚಾಗಿ ಆ ಎರಡು ಪದಗಳೇ. 2006ರಲ್ಲಿ ಪ್ರೇಮ್, ರಮ್ಯಾ ನಟಿಸಿದ ಸಿನಿಮಾಕ್ಕೆ ‘ಜೊತೆ ಜೊತೆಯಲಿ’ ಅಂತಲೇ ಹೆಸರು. 2019ರಲ್ಲಿ ಶುರುವಾದ ಧಾರಾವಾಹಿಗೂ ಅದೇ ಹೆಸರು, ನಮ್ಮಮ್ಮ ಅದು ಬರೋ ಹೊತ್ತಿಗೆ ಫೋನ್ ಎತ್ತುತ್ತಿರಲಿಲ್ಲ. ಮದುವೆ ವಿಡಿಯೋಗಳಿಗೆ ಲೆಕ್ಕ ಇಲ್ಲ. ರಾಗ ತಮಿಳಿಗೆ ಹೋಯ್ತು, ಹಿಂದಿಗೆ ಹೋಯ್ತು, ಎಲ್ಲಾದರೂ ಹೋಗಬಲ್ಲದು. ಈ ಮಾತು ಇಲ್ಲೇ ಉಳಿಯಿತು. ಹಾಡು ನಮ್ಮದು ಅನ್ನೋಕೆ ನನಗೆ ಸಿಕ್ಕ ಒಂದೇ ಗಟ್ಟಿ ಕಾರಣ ಇದು.

ಅದಕ್ಕೇ ನನಗೆ ನಮ್ಮ ಮೇಲೇ ಸ್ವಲ್ಪ ಸಿಟ್ಟು. ವರ್ಷಕ್ಕೊಂದು ದಿನ ಹಳದಿ-ಕೆಂಪು ಶಾಲು ಹೊದ್ದು, ಅದೇ ನಾಲ್ಕೈದು ಹಳೇ ಹಾಡು ಹಾಡಿ, ಬೇರೆ ಭಾಷೆಯವರ ಹತ್ರ ತಾರೀಖಿನ ಜಗಳ ಆಡಿ, ಕನ್ನಡದ ಕೆಲಸ ಮುಗೀತು ಅಂದುಕೊಳ್ತೀವಿ. ಈಗ ಹಾಡು ಬರೀತಿರೋರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಯಾರು ಒತ್ತನ್ನ ಎಲ್ಲಿ ಇಡ್ತಿದ್ದಾರೆ, ಎಲ್ಲಿ ತೆಗೀತಿದ್ದಾರೆ ಅಂತ ಕಿವಿಗೊಟ್ಟು ಕೇಳ್ತೀವಾ? ಭಾಷೆಯ ಅಭಿಮಾನ ಅಂದರೆ ಅದೂ ಅಲ್ವಾ?

* * *

ನನ್ನ ಬಾಲ್ಯದ ‘ಜೊತೆಯಲಿ’ಗೆ ಚಿತ್ರವೇ ಇಲ್ಲ, ಬರೀ ಸದ್ದು. ಚಿಕ್ಕಪ್ಪನ ಗಾಡಿಯಲ್ಲಿ ಡ್ರೈವರ್ ಸೀಟಿನ ಎಡಕ್ಕೆ, ಇಂಜಿನ್ ಮೇಲಿನ ಬಿಸಿ ಹಲಗೆಯ ಮೇಲೆ ನನ್ನ ಜಾಗ. ಹಿಂದಿನ ದೊಡ್ಡ ಸ್ಪೀಕರಿನಿಂದ ಬೇಸ್ ಗಿಟಾರಿನ ಗುಂಯ್‌ಗುಟ್ಟುವಿಕೆ ಬೆನ್ನಿಗೆ ತಾಗ್ತಿತ್ತು. ಇಳಯರಾಜರ ಬೇಸ್ ಗಿಟಾರ್ ಬರೀ ತಾಳ ಹಿಡಿಯಲ್ಲ, ಪಕ್ಕದಲ್ಲಿ ತನ್ನದೇ ಒಂದು ಹಾಡು ಹಾಡಿಕೊಂಡು ಬರುತ್ತೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ ಒಳ್ಳೆ ಹೆಡ್‌ಫೋನ್ ಕೊಂಡಾಗ. ಬೆನ್ನಿಗೆ ಮಾತ್ರ ಮೊದಲೇ ಗೊತ್ತಿತ್ತು.

ದಾವಣಗೆರೆ ಬಿಟ್ಟು ಚಿತ್ರದುರ್ಗದ ಕಡೆ ಹೈವೇಯಲ್ಲಿ ಹೊರಟರೆ ಆನಗೋಡು ಬರುತ್ತೆ. 1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ಅಪಘಾತದಲ್ಲಿ ತೀರಿಕೊಂಡದ್ದು ಅಲ್ಲೇ. ಮೂವತ್ತೈದು ವರ್ಷ ವಯಸ್ಸು. ಈಗ ನನ್ನ ವಯಸ್ಸೂ ಅಲ್ಲೇ ಓಡಾಡ್ತಿದೆ. ಬೆಂಗಳೂರಿನ ಆಟೋಗಳ ಹಿಂದೆ ಅವರ ಫೋಟೋ ನೋಡಿದಾಗೆಲ್ಲ ಆ ಲೆಕ್ಕ ನೆನಪಾಗುತ್ತೆ. ಆನಗೋಡು ಬಂದಾಗ ಚಿಕ್ಕಪ್ಪ ಟೇಪ್ ಸಣ್ಣ ಮಾಡ್ತಿದ್ದ. ಯಾವ ಹಾಡಿದ್ದರೂ ಸರಿ. ಊರು ದಾಟಿದ ಮೇಲೆ ಮತ್ತೆ ಜೋರು. ಯಾಕೆ ಅಂತ ಅವನೂ ಹೇಳಲಿಲ್ಲ, ಗಾಡಿಯಲ್ಲಿದ್ದವರು ಯಾರೂ ಕೇಳಲಿಲ್ಲ. ಎಸ್‌ಪಿಬಿ ಹೋದದ್ದೂ ಸೆಪ್ಟೆಂಬರಿನ ಕೊನೆಯ ವಾರದಲ್ಲೇ, 2020ರ 25ರಂದು. ಅವತ್ತು ಚಿಕ್ಕಪ್ಪನೇ ಫೋನ್ ಮಾಡಿದ್ದ. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಮೇಲ್‌ನ ವಿಷಯಕ್ಕೆ ಬರ್ತೀನಿ. ಮಾರನೇ ದಿನ ಬೆಳಿಗ್ಗೆ ಅದೇ ಮೇಲ್‌ಗೆ ಇನ್ನೊಂದು ಸಾಲು ಸೇರಿಸಿ ಕಳಿಸಿದೆ. ಸಾಹಿತ್ಯ: ಚಿ. ಉದಯಶಂಕರ್. ಹೆಚ್ಚಿನವರು ನೋಡಲೂ ಇಲ್ಲ. ಆ ಉತ್ತರದ ಕಡೆಯ ಹುಡುಗ ಮಾತ್ರ ಡೆಸ್ಕಿಗೆ ಬಂದು, “ಜೊತೆ ಅಂದರೆ ಏನು?” ಅಂತ ಕೇಳಿದ. ‘ಸಾಥ್’ ಅಂದೆ. ಅಂದಮೇಲೆ ಸರಿ ಅನಿಸಲಿಲ್ಲ. ನಮ್ಮೂರಲ್ಲಿ ಒಂದು ಜೊತೆ ಎತ್ತು ಅಂತೀವಿ, ಒಂದು ಜೊತೆ ಚಪ್ಪಲಿ ಅಂತೀವಿ. ಒಂದು ಎತ್ತು ಹೋದರೆ ಇನ್ನೊಂದನ್ನ ನೊಗಕ್ಕೆ ಕಟ್ಟೋಕಾಗಲ್ಲ, ಒಂದು ಚಪ್ಪಲಿ ಕಳೆದರೆ ಇನ್ನೊಂದು ಕೆಲಸಕ್ಕೆ ಬರಲ್ಲ. ಅದು ಜೊತೆ. ಇಷ್ಟನ್ನೂ ಅವನಿಗೆ ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಅವನು ತಲೆ ಆಡಿಸಿ, “ಹಾಗಾದರೆ ಇನ್ನೊಂದು ಸಲ ಹಾಕು, ಕೇಳ್ತೀನಿ” ಅಂದ.

ಇಬ್ಬರೂ ಒಂದೊಂದು ಇಯರ್‌ಫೋನ್ ಕಿವಿಗಿಟ್ಟುಕೊಂಡು ಕೇಳಿದೆವು.